ಇಂಜಿನ್ ಕಟ್ಟಿಸಬಹುದು, ಚಾಸಿ ಕಟ್ಟಿಸಲಾಗದು: ಹಳೇ ಜೀಪು ಕೊಳ್ಳಲು ಹೊರಟವರಿಗೆ

ನಮ್ಮ ಮನೆಯಿಂದ ಟಾರು ರಸ್ತೆಗೆ 3 ಕಿಲೋಮೀಟರ್. ಹೊಸನಗರ ತಾಲೂಕಿನ ಮಳೆ ಕಂಡವರಿಗೆ ಈ 3 ಕಿಲೋಮೀಟರ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಂಪು ಮಣ್ಣಿನ ಒಂದು ಏರು, ಒಂದು ಹಳ್ಳ, ದರೆ ಜರಿಯುವ ಎರಡು ತಿರುವು. ಬೇಸಿಗೆಯಲ್ಲಿ ಆಟೋ ಮನೆ ಬಾಗಿಲಿಗೆ ಬರುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಬೈಕೂ ಬರುವುದಿಲ್ಲ.

ಇಷ್ಟು ವರ್ಷ ಹೇಗೋ ನಡೆಯಿತು. ಮಳೆಗಾಲಕ್ಕೆ ಬೇಕಾದ ಅಕ್ಕಿ, ಬೇಳೆ, ಗ್ಯಾಸ್ ಎಲ್ಲ ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳುತ್ತಿದ್ದೆವು. ಆದರೆ ಕಳೆದ ವರ್ಷ ಅಪ್ಪಯ್ಯನಿಗೆ ಕಿಡ್ನಿ ಕೈಕೊಟ್ಟಿತು. ಈಗ ವಾರಕ್ಕೆ 2 ಸಲ ಡಯಾಲಿಸಿಸ್. ಅದನ್ನು ಮೇ ತಿಂಗಳಲ್ಲೇ ಮಾಡಿಸಿ ಇಟ್ಟುಕೊಳ್ಳಲು ಆಗುವುದಿಲ್ಲ. ಇವತ್ತು ಮಳೆ, ನಾಳೆ ಹೋದರಾಯಿತು ಅನ್ನುವಂತೆಯೂ ಇಲ್ಲ. ತಪ್ಪಿದರೆ ಮೈಯಲ್ಲಿ ನೀರು ನಿಂತು ಉಸಿರು ಕಟ್ಟುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ.

ಹೀಗಾಗಿ ನಮಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯೊಂದು ಬೇಕಾಯಿತು. ಕೈಯಲ್ಲಿದ್ದದ್ದು ಅಡಿಕೆ ಮಾರಿದ ದುಡ್ಡು, ಸೊಸೈಟಿ ಸಾಲ ಸೇರಿ 3,75,000 ರೂಪಾಯಿ. ಅಷ್ಟರಲ್ಲಿ ಹೊಸ ಗಾಡಿಯ ಮಾತೇ ಇಲ್ಲ. ಹಳೇದೇ ಆಗಬೇಕು, ಆದರೆ ಜುಲೈ ತಿಂಗಳ ಬೆಳಗಿನ 5 ಗಂಟೆಗೆ ಸ್ಟಾರ್ಟ್ ಆಗುವಂಥದ್ದೇ ಆಗಬೇಕು.

ಏಪ್ರಿಲ್‌ನಲ್ಲಿ ಹುಡುಕಲು ಶುರು ಮಾಡಿದೆವು. ನಾನು, ನನ್ನ ಸೋದರಮಾವ, ಜೊತೆಗೆ ಪೇಟೆಯ ಗ್ಯಾರೇಜಿನ ಭಾಯ್. ಮಾವ ಹಿಂದೆ ಎಸ್ಟೇಟ್ ಒಂದರಲ್ಲಿ ಜೀಪು ಓಡಿಸಿದವರು. ಭಾಯ್ 30 ವರ್ಷದಿಂದ ಜೀಪಿನ ಕೆಳಗೇ ಮಲಗಿದವರು. ಗಾಡಿ ನೋಡಲು ಬರುವುದಕ್ಕೆ ದಿನಕ್ಕೆ 1,000 ರೂಪಾಯಿ ಅಂತ ಅವರ ಹತ್ತಿರ ಮೊದಲೇ ಮಾತಾಡಿಕೊಂಡೆವು. ನಮ್ಮ ಒಟ್ಟು ಖರ್ಚಿನಲ್ಲಿ ಅತಿ ಹೆಚ್ಚು ಉಳಿಸಿಕೊಟ್ಟದ್ದು ಈ 1,000.

ಹೊರಡುವ ಮೊದಲ ದಿನವೇ ಭಾಯ್ ಒಂದು ಮಾತು ಹೇಳಿದರು: "ನೋಡಿ, ಇಂಜಿನ್ ಹೋದ್ರೆ ನಾನು ಇಳಿಸಿ ಕಟ್ಕೊಡ್ತೀನಿ. ಗೇರ್ ಬಾಕ್ಸ್ ಹೋದ್ರೂ ಕಟ್ಕೊಡ್ತೀನಿ. ಚಾಸಿ ಹೋಗಿದ್ರೆ, ಕಾಗದ ಹೋಗಿದ್ರೆ ನನ್ನ ಹತ್ರ ಬರಬೇಡಿ."

ಜನ ಗಾಡಿ ನೋಡುವುದು ಇದರ ತಲೆಕೆಳಗಾಗಿ. ಮೊದಲು ಬಣ್ಣ, ಆಮೇಲೆ ಟೈರು, ಆಮೇಲೆ ಇಂಜಿನ್ ಸದ್ದು. ಚಾಸಿ, ಕಾಗದ ಕೊನೆಗೆ. ನಾವು ಭಾಯ್ ಹೇಳಿದ ಕ್ರಮದಲ್ಲೇ ನೋಡಿದೆವು. ಆ ಕ್ರಮವೇ ಈ ಬರಹ.

ಯಾವ ಗಾಡಿ?

ನಮ್ಮ ಬಜೆಟ್ಟಿನ ಸುತ್ತಮುತ್ತ ಸಿಗುವ ಫೋರ್ ವೀಲ್ ಡ್ರೈವ್ ಗಾಡಿಗಳು ಬೆರಳೆಣಿಕೆಯವು.

ಮಹೀಂದ್ರಾದ ಹಳೇ ಜೀಪುಗಳು, ಅಂದರೆ ಎಂಎಂ 540, ಕಮಾಂಡರ್, ಮೇಜರ್. ಡೀಸೆಲ್, ನಿಧಾನ, ಕುಲುಕಾಟ. ಆದರೆ ಮಲೆನಾಡಿನ ಯಾವ ಪೇಟೆಯಲ್ಲೂ ಬಿಡಿಭಾಗ ಸಿಗುತ್ತದೆ, ರಿಪೇರಿ ಗೊತ್ತಿರುವ ಕೈಯೂ ಸಿಗುತ್ತದೆ.

ಮಾರುತಿ ಜಿಪ್ಸಿ 1985ರಲ್ಲಿ ಬಂದದ್ದು. ಮೊದಲು 970 ಸಿಸಿ ಇಂಜಿನ್, ಆಮೇಲೆ ಬಂದ ಜಿಪ್ಸಿ ಕಿಂಗ್‌ಗೆ 1,300 ಸಿಸಿ. ಹಗುರ ಇರುವುದರಿಂದ ಕೆಸರಿನಲ್ಲಿ ಚೆನ್ನಾಗಿ ಹೋಗುತ್ತದೆ. ಆದರೆ ಪೆಟ್ರೋಲ್. ವಾರಕ್ಕೆ 2 ಸಲ ಆಸ್ಪತ್ರೆಗೆ ಓಡಾಡುವ ನಮಗೆ ಲೆಕ್ಕ ಕೂಡಲಿಲ್ಲ.

2010ರಲ್ಲಿ ಬಂದ ಮಹೀಂದ್ರಾ ಥಾರ್‌ನಲ್ಲಿ ಡಿಐ, ಸಿಆರ್‌ಡಿಇ ಅಂತ ಎರಡು ಬಗೆ. ಸಿಆರ್‌ಡಿಇ ನಮ್ಮ ಕೈಗೆಟುಕಲಿಲ್ಲ. ಬೊಲೆರೊದಲ್ಲೂ ಫೋರ್ ವೀಲ್ ಡ್ರೈವ್ ಮಾದರಿ ಇತ್ತು, ಮುಚ್ಚಿದ ಬಾಡಿ, ರೋಗಿಗೆ ಒಳ್ಳೆಯದು. ಹುಡುಕಿದೆವು, ನಮಗೆ ಸಿಗಲಿಲ್ಲ.

ಮೊದಲು ಕೆಳಗೆ ಬಗ್ಗಿ

ನಾವು ನೋಡಿದ ಮೊದಲ ಗಾಡಿ ಥಾರ್ ಡಿಐ. ರೇಟು ಕೇಳಿ ನಮಗೇ ಆಶ್ಚರ್ಯ, 3,20,000. ಹಿಂದಿನ ಬಾಗಿಲ ಮೇಲೆ 4×4 ಅಂತ ದೊಡ್ಡ ಸ್ಟಿಕ್ಕರ್. ಭಾಯ್ ಬಾಗಿಲೂ ತೆಗೆಯಲಿಲ್ಲ. ಮುಂದಿನ ಬಂಪರ್ ಹತ್ತಿರ ಕುಕ್ಕರಗಾಲಲ್ಲಿ ಕೂತು, ಟಾರ್ಚ್ ಬಿಟ್ಟು, ಅರ್ಧ ನಿಮಿಷಕ್ಕೆ ಎದ್ದರು. "ಬನ್ನಿ, ಚಾ ಕುಡಿದು ಹೋಗಣ" ಅಂದರು.

ಅದು ಟೂ ವೀಲ್ ಡ್ರೈವ್. ಥಾರ್ ಡಿಐ ಎರಡು ರೀತಿಯಲ್ಲೂ ಬರುತ್ತಿತ್ತು. ಮಹೀಂದ್ರಾದ ಹಳೇ ಜೀಪುಗಳಲ್ಲೂ ಟೂ ವೀಲ್ ಡ್ರೈವ್ ಬೇಕಾದಷ್ಟಿವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಪರೀಕ್ಷೆ ಬಹಳ ಸುಲಭ. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂಥ ಕಬ್ಬಿಣದ ಗುಂಡು ಇರುತ್ತದಲ್ಲ, ಕ್ರೌನ್ ಹೌಸಿಂಗ್, ಅಂಥದ್ದೇ ಮುಂದಿನ ಚಕ್ರಗಳ ನಡುವೆಯೂ ಇರಬೇಕು. ಗೇರ್ ಬಾಕ್ಸಿನ ಕಡೆಯಿಂದ ಆ ಗುಂಡಿಗೆ ಒಂದು ಶಾಫ್ಟ್ ಬಂದಿರಬೇಕು. ಒಳಗೆ ಗೇರ್ ಲಿವರ್ ಪಕ್ಕ ಇನ್ನೊಂದು ಚಿಕ್ಕ ಲಿವರ್ ಇರಬೇಕು, ಕೆಲವು ಹಳೇ ಜೀಪುಗಳಲ್ಲಿ ಎರಡಿರುತ್ತವೆ. ಗುಂಡು ಇದ್ದು ಶಾಫ್ಟ್ ಇಲ್ಲದ ಗಾಡಿಯೂ ಸಿಗುತ್ತದೆ. ಸದ್ದು ಬರುತ್ತದೆ ಅಂತಲೋ, ಡೀಸೆಲ್ ಉಳಿಯುತ್ತದೆ ಅಂತಲೋ ಯಾರೋ ಬಿಚ್ಚಿಟ್ಟಿರುತ್ತಾರೆ. ಬಿಚ್ಚಿದ ಶಾಫ್ಟ್ ಎಲ್ಲಿದೆ ಅಂತ ಕೇಳಿ. ಶೆಡ್ಡಿನಿಂದ ತಂದು ತೋರಿಸಿದರೆ ಮಾತು ಮುಂದುವರಿಸಿ.

ಕಾಗದ ಮತ್ತು ಪೆನ್ಸಿಲ್

ಎರಡನೇ ಜೀಪು ನನಗೆ ಇಷ್ಟವಾಗಿತ್ತು. ಎತ್ತರದ ಟೈರು, ಮಿಲಿಟರಿ ಹಸಿರು ಬಣ್ಣ, ಮುಂದೆ ವಿಂಚ್. ಶಿವಮೊಗ್ಗ ಕಡೆಯ ಹಳೇ ಗಾಡಿ ವ್ಯಾಪಾರಿಯೊಬ್ಬರ ಹತ್ತಿರ ಇತ್ತು. ಉತ್ತರದ ಕಡೆ ಕಟ್ಟಿಸಿ ತಂದದ್ದು ಅಂದರು. ಹರಿಯಾಣದ ಮಂಡಿ ಡಬ್ವಾಲಿಯಂಥ ಊರುಗಳು ಜೀಪು ಕಟ್ಟುವುದಕ್ಕೆ ಹೆಸರಾದವು. ನಮ್ಮ ಫೋನಿಗೆ ಬರುವ ಜೀಪಿನ ವಿಡಿಯೋಗಳಲ್ಲಿ ಅಂಥವು ಎಷ್ಟೋ ಇರುತ್ತವೆ.

ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಕಲಿಸಿದ್ದು ಇಷ್ಟೇ: ಹೇಳಿದ್ದನ್ನು ಬರೆದುಕೋ, ಆಮೇಲೆ ಬೇರೆ ಕಡೆ ಕೇಳಿ ನೋಡು. ಅದೇ ಮಾಡಿದೆ. ಆರ್‌ಸಿಯಲ್ಲಿದ್ದ ಚಾಸಿ ನಂಬರ್, ಇಂಜಿನ್ ನಂಬರ್ ಬರೆದುಕೊಂಡೆ. ಗಾಡಿಯ ಚಾಸಿ ಮೇಲೆ ನಂಬರ್ ಕೆತ್ತಿದ ಜಾಗ ಒರೆಸಿ, ತೆಳು ಕಾಗದ ಇಟ್ಟು, ಮೇಲೆ ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಆರ್‌ಟಿಒ ಕೆಲಸಕ್ಕೂ ಹೀಗೇ ಅಚ್ಚು ತೆಗೆಯುತ್ತಾರೆ. ಚಾಸಿ ನಂಬರ್ ಸರಿ ಇತ್ತು. ಇಂಜಿನ್ ನಂಬರ್ ಬೇರೆಯೇ. ಇಂಜಿನ್ನೇ ಬೇರೆ ಕಂಪನಿಯದು.

"ಅದೇನೂ ಆಗಲ್ಲ ಸಾರ್, ಯಾರೂ ನೋಡಲ್ಲ" ಅಂದರು ವ್ಯಾಪಾರಿ.

ನೋಡುತ್ತಾರೆ. ಅಪಘಾತ ಆದ ದಿನ ವಿಮೆ ಕಂಪನಿಯವರು ಮೊದಲು ನೋಡುವುದೇ ಅದನ್ನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ಮಾದರಿಯ ಇಂಜಿನ್ ಹಾಕಿಸಿದ್ದರೂ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿರಬೇಕು.

ಕಾಗದದಲ್ಲಿ ನೋಡಬೇಕಾದ ಇನ್ನೂ ನಾಲ್ಕು ವಿಷಯ ಇಲ್ಲೇ ಹೇಳಿಬಿಡುತ್ತೇನೆ.

ಒಂದು, ಮಾರುವವರ ಹೆಸರೂ ಆರ್‌ಸಿಯಲ್ಲಿರುವ ಹೆಸರೂ ಒಂದೇನಾ? ನಂಬರ್ ಹಾಕಿದರೆ ಎಂ ಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ವಿವರ, ಆರ್‌ಸಿ ಮತ್ತು ವಿಮೆಯ ಅವಧಿ ಕಾಣುತ್ತದೆ. ಮಾಲೀಕರ ಹೆಸರು ಪೂರ್ತಿ ಕಾಣದಿದ್ದರೆ ಮೂಲ ಆರ್‌ಸಿ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಎರಡು, ಸಾಲ ಇದೆಯಾ? ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಬೇಕು. "ಸಾಲ ತೀರಿದೆ, ಹೆಸರು ತೆಗೆಸಿಲ್ಲ ಅಷ್ಟೇ" ಅಂದರೆ ತೆಗೆಸಿಕೊಡಿ ಅನ್ನಿ.

ಮೂರು, 15 ವರ್ಷ ಆಗಿದೆಯಾ? ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಕಾರು, ಜೀಪುಗಳಿಗೆ 600 ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, ಆಮೇಲೂ ಬದಲಾಗಿದೆ. ಕೊಳ್ಳುವ ಮುಂಚೆ ಆರ್‌ಟಿಒದಲ್ಲಿ ಇವತ್ತಿನ ದರ ಕೇಳಿ, ಆ ದುಡ್ಡನ್ನೂ ರೇಟಿಗೆ ಸೇರಿಸಿ ಲೆಕ್ಕ ಹಾಕಿ.

ನಾಲ್ಕು, ಬೇರೆ ರಾಜ್ಯದ ಗಾಡಿ ಆದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ, ಅಂದರೆ ಫಾರಂ 28 ಬೇಕು. ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಅಗ್ಗ ಅಂತ ತಂದ ಗಾಡಿ ಅಲ್ಲಿಗೆ ಅಗ್ಗವಾಗಿ ಉಳಿಯುವುದಿಲ್ಲ.

ಸುತ್ತಿಗೆ ತಟ್ಟಿದರೆ ಹೇಳುತ್ತದೆ

ಮೂರನೆಯದು ಕಮಾಂಡರ್. ಉದ್ದ ಗಾಡಿ, ಹಿಂದೆ ಅಪ್ಪಯ್ಯ ಮಲಗಿಕೊಂಡೇ ಬರಬಹುದು ಅಂತ ಅಮ್ಮನಿಗೆ ಆಸೆ. ಪ್ರವಾಸಿಗರನ್ನು ಬೆಟ್ಟ ಹತ್ತಿಸುತ್ತಿದ್ದ ಜೀಪದು. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಹೋದವರು ಇಂಥ ಜೀಪುಗಳಲ್ಲಿ ಕೂತಿರುತ್ತೀರಿ. ಇಂಜಿನ್ ಚೆನ್ನಾಗಿತ್ತು, ಕಾಗದವೂ ಸರಿ ಇತ್ತು. ಆದರೆ ಕೆಳಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು.

ಮಾರುವ ಮುಂಚೆ ಮೇಲೆ ಬಣ್ಣ ಹೊಡೆಸುವುದು ವಾಡಿಕೆ. ಕೆಳಗೆ ಯಾಕೆ ಹೊಡೆಸುತ್ತಾರೆ ಅನ್ನುವುದು ಪ್ರಶ್ನೆ.

ಭಾಯ್ ಚಿಕ್ಕ ಸುತ್ತಿಗೆ ಹಿಡಿದು ಒಳಗೆ ತೂರಿದರು. ಚಾಸಿಯ ಮುಂದಿನಿಂದ ಹಿಂದಿನವರೆಗೆ ಗೇಣುಗೇಣಿಗೆ ತಟ್ಟುತ್ತಾ ಬಂದರು. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ಒಳಗೊಳಗೇ ತಿಂದಿದ್ದರೆ ಡಬ್ ಅನ್ನುತ್ತದೆ. ಹಿಂದಿನ ಸ್ಪ್ರಿಂಗ್ ಪ್ಲೇಟ್ ಕೂರುವ ಜಾಗದಲ್ಲಿ ಡಬ್ ಅಂದಿತು. ಸ್ಕ್ರೂಡ್ರೈವರ್‌ನಲ್ಲಿ ಒತ್ತಿದರೆ ಬಣ್ಣದ ಸಮೇತ ಒಳಗೆ ಹೋಯಿತು. ಅದರ ಪಕ್ಕ ಹಳೇ ವೆಲ್ಡಿಂಗ್, ಮೇಲೊಂದು ತಗಡಿನ ತೇಪೆ.

ಆ ಜಾಗ ಮುರಿದರೆ ಹಿಂದಿನ ಆಕ್ಸಲ್ಲೇ ಜಾಗ ಬಿಟ್ಟು ಸರಿಯುತ್ತದೆ. ನಮ್ಮ ಏರಿನ ಮಧ್ಯದಲ್ಲಿ, ಅಪ್ಪಯ್ಯ ಒಳಗಿರುವಾಗ ಅದು ಆಗುವುದನ್ನು ಯೋಚಿಸಿ ಮಾವ ಕೀಲಿ ವಾಪಸ್ ಕೊಟ್ಟರು. ಮಾರುವವರು 40,000 ಇಳಿಸುತ್ತೇನೆ ಅಂದರು. ಮಾವ ಕೈ ಮುಗಿದರು.

ತುಕ್ಕು ನೋಡುವ ಜಾಗಗಳನ್ನು ನೆನಪಿಡಿ: ಸ್ಪ್ರಿಂಗ್ ಪ್ಲೇಟಿನ ಎರಡೂ ತುದಿ, ಬಾಡಿಯನ್ನು ಚಾಸಿಗೆ ಬೋಲ್ಟ್ ಹಾಕಿದ ಜಾಗ, ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗ, ಕಾಲಿಡುವ ಮ್ಯಾಟಿನ ಅಡಿ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಎರಡು ಪಟ್ಟು ನೋಡಿ. ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ.

ನಾಲ್ಕೂ ಚಕ್ರ ನಿಜಕ್ಕೂ ಎಳೆಯುತ್ತದಾ?

ನಾಲ್ಕನೆಯದು ಕೊಪ್ಪದ ಕಡೆ ಅಡಿಕೆ ಬೆಳೆಗಾರರೊಬ್ಬರ ಶೆಡ್ಡಿನಲ್ಲಿತ್ತು. 1996ರ ಎಂಎಂ 540. ಬಣ್ಣ ಮಾಸಿತ್ತು, ಹುಡ್ ಹರಿದಿತ್ತು, ಟೈರು ಬೋಳಾಗಿತ್ತು. 2,90,000 ಹೇಳಿದರು. ಕಾಗದ ನೋಡಿದೆವು: ಅವರದೇ ಹೆಸರು, ಸಾಲ ಇಲ್ಲ, 2028ರವರೆಗೆ ನವೀಕರಣ ಆಗಿದೆ, ಎರಡೂ ನಂಬರ್ ತಾಳೆಯಾಯಿತು. ಸುತ್ತಿಗೆ ಉದ್ದಕ್ಕೂ ಟಣ್ ಅಂದಿತು. ಆಮೇಲೆ ಶುರುವಾಯಿತು ಉಳಿದ ಪರೀಕ್ಷೆ.

ಬರುವ ಮುಂಚೆ ಫೋನಿನಲ್ಲಿ ಒಂದೇ ಒಂದು ಮಾತು ಕೇಳಿಕೊಂಡಿದ್ದೆವು: ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ. ಬಂದವರೇ ಬಾನೆಟ್ ಮುಟ್ಟಿ ನೋಡಿದೆವು, ತಣ್ಣಗಿತ್ತು. ಬಿಸಿ ಇಂಜಿನ್ ಎಂಥದ್ದೂ ಸ್ಟಾರ್ಟ್ ಆಗುತ್ತದೆ, ತಣ್ಣನೆಯದು ನಿಜ ಹೇಳುತ್ತದೆ. ಇದರಲ್ಲಿರುವುದು ಪೂಜೋ ಇಂಜಿನ್, ಚಳಿಯಲ್ಲಿ ಹೀಟರ್ ಪ್ಲಗ್ ಕಾಯಬೇಕು. ಎರಡನೇ ಸಲಕ್ಕೆ ಹಿಡಿಯಿತು. ಒಂದು ಪ್ಲಗ್ ಸತ್ತಿದೆ ಅಂದರು ಭಾಯ್, ಅದು ಸಣ್ಣ ಖರ್ಚು.

ಹೊಗೆಯ ಬಣ್ಣ ನೋಡಿ. ನೀಲಿ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಅಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಬಿಸಿಯಾದ ಮೇಲೂ ದಟ್ಟ ಬಿಳಿ ಬರುತ್ತಿದ್ದರೆ ರೇಡಿಯೇಟರ್ ನೀರು ಒಳಗೆ ಹೋಗುತ್ತಿರಬಹುದು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಹೊಗೆ ಪುಸುಪುಸು ಬಂದರೆ ಅದಕ್ಕೆ ಬ್ಯಾಕ್ ಕಂಪ್ರೆಶನ್ ಅನ್ನುತ್ತಾರೆ, ಇಂಜಿನ್ ಇಳಿಸುವ ದಿನ ಹತ್ತಿರ ಬಂದಿದೆ ಅಂತ ಅರ್ಥ. ಈ ಜೀಪಿನಲ್ಲಿ ಸ್ವಲ್ಪ ಇತ್ತು. "ಇನ್ನೂ 3, 4 ವರ್ಷ ಎಳೆಯುತ್ತೆ" ಅಂದರು ಭಾಯ್.

ಇನ್ನು ಮುಖ್ಯವಾದದ್ದು. ಸಮತಟ್ಟು ಜಾಗದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನ್ ನಿಲ್ಲಿಸಿ, ಮುಂದಿನ ಒಂದು ಚಕ್ರವನ್ನಷ್ಟೇ ಜಾಕಿನಲ್ಲಿ ಎತ್ತಿದೆವು. ಫೋರ್ ವೀಲ್ ಹಾಕಿ, ಎತ್ತಿದ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿದೆವು. ಒಂದೆರಡು ಇಂಚು ಅಲುಗಾಡಿ ನಿಂತಿತು. ಹಾಗೆ ನಿಲ್ಲಬೇಕು. ಸಲೀಸಾಗಿ ಸುತ್ತಿದರೆ ಒಳಗೆ ಎಲ್ಲೋ ಕೊಂಡಿ ತಪ್ಪಿದೆ. ಮುಂದಿನ ಚಕ್ರದ ನಡುವೆ ಲಾಕ್, ಫ್ರೀ ಅಂತ ತಿರುಗಿಸುವ ಹಬ್ ಇರುವ ಗಾಡಿಯಾದರೆ ಮೊದಲು ಅದನ್ನು ಲಾಕ್ ಮಾಡಿ ನೋಡಬೇಕು. ಕೈಯಲ್ಲಿ ತಿರುಗದಷ್ಟು ತುಕ್ಕು ಹಿಡಿದಿದ್ದರೆ ಅದೂ ಒಂದು ಖರ್ಚು. ಇನ್ನೊಂದು ಬದಿಯ ಚಕ್ರವನ್ನೂ ಹೀಗೇ ನೋಡಿದೆವು. ಜಾಕಿನ ಮೇಲಿರುವ ಗಾಡಿಯ ಕೆಳಗೆ ಮಾತ್ರ ಯಾರೂ ಹೋಗಬೇಡಿ.

ಆಮೇಲೆ ತೋಟದ ಮಣ್ಣಿನ ಏರಿಗೆ ಒಯ್ದೆವು. ಫೋರ್ ವೀಲ್ ಪರೀಕ್ಷೆ ಒಣ ಟಾರಿನ ಮೇಲೆ ಮಾಡಬಾರದು. ಈ ಹಳೇ ಗಾಡಿಗಳಲ್ಲಿ ಮುಂದಿನ, ಹಿಂದಿನ ಚಕ್ರಗಳು ಒಂದಕ್ಕೊಂದು ಬಿಗಿದುಕೊಂಡು ತಿರುಗುತ್ತವೆ. ತಿರುವಿನಲ್ಲಿ ಮುಂದಿನದು ಹೆಚ್ಚು ದೂರ ಹೋಗಬೇಕು. ಮಣ್ಣಿನಲ್ಲಿ ಸ್ವಲ್ಪ ಜಾರಿ ಸರಿದೂಗುತ್ತದೆ. ಟಾರಿನಲ್ಲಿ ಜಾರುವುದಿಲ್ಲ, ಒಳಗಿನ ಗೇರು, ಶಾಫ್ಟಿಗೇ ಪೆಟ್ಟು. ನಾಲ್ಕೂ ಟೈರು ಒಂದೇ ಅಳತೆಯದಾಗಿರಬೇಕು ಅನ್ನುವುದೂ ಇದೇ ಕಾರಣಕ್ಕೆ.

ಏರಿನಲ್ಲಿ ಲೋ ಹಾಕಿ ಮಾವ ನಿಧಾನ ಹತ್ತಿಸಿದರು, ಮೊದಲ ಗೇರಿನಲ್ಲಿ ಬ್ರೇಕ್ ಮುಟ್ಟದೆ ಇಳಿಸಿದರು. ಇಳಿಯುವಾಗ ಲಿವರ್ ತಾನಾಗಿ ಹಾರಿ ಹೊರಬರುತ್ತದಾ ಅಂತ ನೋಡುವುದು ಮುಖ್ಯ. ಬರಲಿಲ್ಲ. ಕೊನೆಗೆ ಎರಡೂ ಕ್ರೌನ್ ಹೌಸಿಂಗ್‌ನ ಆಯಿಲ್ ಬೋಲ್ಟ್ ಬಿಚ್ಚಿ ಭಾಯ್ ಬೆರಳು ಅದ್ದಿದರು. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಹಳ್ಳದ ನೀರು ಒಳಗೆ ಹೋಗಿದೆ. ಹೊಳೆಯುವ ಕಬ್ಬಿಣದ ಚೂರು ಸಿಕ್ಕರೆ ಹಲ್ಲು ಸವೆಯುತ್ತಿದೆ. ಇದರಲ್ಲಿ ಆಯಿಲ್ ಹಳೇದಾಗಿತ್ತು, ಅಷ್ಟೇ.

ದುಡ್ಡಿನ ಲೆಕ್ಕ

ಬೋಳು ಟೈರು, ಹರಿದ ಹುಡ್, ಜಾರುವ ಕ್ಲಚ್ ಎಲ್ಲ ತೋರಿಸಿ ಮಾತಾಡಿ 2,65,000ಕ್ಕೆ ಮುಗಿಯಿತು. ಆಮೇಲಿನ ಖರ್ಚು: 4 ಟೈರು 26,000, ಕ್ಲಚ್ 9,000, ಬ್ರೇಕ್ 7,500, ಶಾಫ್ಟಿನ ಕ್ರಾಸ್ ಮತ್ತು ಬೇರಿಂಗ್ 6,000, ಬ್ಯಾಟರಿ 6,500, ಹುಡ್ 8,000, ವಿಮೆ ಮತ್ತು ವರ್ಗಾವಣೆ 11,000. ಒಟ್ಟು 74,000. ಗಾಡಿ ರೇಟು ಸೇರಿ 3,39,000. ಉಳಿದ 36,000ದಲ್ಲಿ ಭಾಯ್ ಕೂಲಿ, ಓಡಾಟ, ಮೊದಲ ತಿಂಗಳ ಡೀಸೆಲ್.

ಅಂದರೆ ಕೈಯಲ್ಲಿ 100 ಇದ್ದರೆ ಗಾಡಿಗೆ 70ಕ್ಕಿಂತ ಹೆಚ್ಚು ಕೊಡಬೇಡಿ. ಹಳೇ ಗಾಡಿಗೆ ಎರಡು ರೇಟು ಇರುತ್ತದೆ, ಒಂದು ಮಾಲೀಕರಿಗೆ, ಇನ್ನೊಂದು ಗ್ಯಾರೇಜಿಗೆ. ಪೂರ್ತಿ ದುಡ್ಡು ಮಾಲೀಕರಿಗೇ ಕೊಟ್ಟರೆ ಗಾಡಿ ಅಂಗಳದಲ್ಲೇ ನಿಲ್ಲುತ್ತದೆ.

ದುಡ್ಡು ಬ್ಯಾಂಕ್ ಮೂಲಕವೇ ಕೊಟ್ಟೆವು. ಫಾರಂ 29, 30ಕ್ಕೆ ಅಲ್ಲೇ ಸಹಿ ಆಯಿತು. ಗಾಡಿ ಕೊಟ್ಟ ದಿನ, ಗಂಟೆ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು. ಇದು ಮಾರುವವರಿಗೂ ಒಳ್ಳೆಯದು. ಹೆಸರು ವರ್ಗಾವಣೆ ಆಗುವ ತನಕ ಅಪಘಾತವಾದರೆ ಹಳೇ ಮಾಲೀಕರೂ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಜೀಪು ದೋಣಿಯಲ್ಲ

ಅಪ್ಪಯ್ಯನ ಎಡಗೈಯಲ್ಲಿ ಡಯಾಲಿಸಿಸ್‌ಗೆ ಮಾಡಿದ ಫಿಸ್ಟುಲಾ ಇದೆ. ಆ ಕೈಗೆ ಪೆಟ್ಟು ಬೀಳಬಾರದು, ಅದರ ಮೇಲೆ ಭಾರವೂ ಬೀಳಬಾರದು. ಮುಂದಿನ ಸೀಟಿನ ಎಡಗಡೆ ಕಂಬಿಗೆ ಅಮ್ಮ ಹಳೇ ಕಂಬಳಿ ಸುತ್ತಿ ಹೊಲಿದಿದ್ದಾಳೆ. ಬಲಗೈಯಲ್ಲಿ ಎದುರಿನ ಹಿಡಿ ಹಿಡಿದುಕೊಂಡರೆ ಅಪ್ಪಯ್ಯ ಆರಾಮ. ಸ್ಪ್ರಿಂಗ್ ಪ್ಲೇಟಿನ ಗಾಡಿ, ಕುಲುಕಾಟ ತಪ್ಪಿದ್ದಲ್ಲ. "ಎತ್ತಿನ ಗಾಡಿಗಿಂತ ವಾಸಿ ಮಾರಾಯ" ಅನ್ನುತ್ತಾರೆ.

ಈ ಮಳೆಗಾಲದಲ್ಲಿ ಪುನರ್ವಸು ಮಳೆಯ ಒಂದು ಬೆಳಿಗ್ಗೆ ಹಳ್ಳ ಉಕ್ಕಿತ್ತು. ಕೆಂಪು ನೀರು, ತಳ ಕಾಣುತ್ತಿಲ್ಲ, ಮರದ ತುಂಡು ತೇಲಿ ಬರುತ್ತಿದೆ. ಫೋರ್ ವೀಲ್ ಇದೆಯಲ್ಲ, ದಾಟಿಸೋಣ ಅಂದೆ. ಮಾವ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದರು. "ಚಕ್ರ ನೆಲ ಹಿಡಿದರೆ ತಾನೆ ಎಳೆಯೋದು? ನೀರು ಎತ್ತಿಬಿಟ್ಟರೆ ನಾಲ್ಕಿದ್ದರೇನು, ಎಂಟಿದ್ದರೇನು" ಅಂದರು. ಡಯಾಲಿಸಿಸ್ ಘಟಕಕ್ಕೆ ಫೋನ್ ಮಾಡಿದೆ. ಮಧ್ಯಾಹ್ನದ ಪಾಳಿಗೆ ಬನ್ನಿ ಅಂದರು ಅಲ್ಲಿಯ ಸಿಸ್ಟರ್. ಎರಡೂವರೆ ಗಂಟೆ ಕಾದೆವು. ನೀರು ಇಳಿದು ಕಲ್ಲು ಕಂಡ ಮೇಲೆ ಲೋ ಹಾಕಿ ದಾಟಿದೆವು. ಆಚೆ ದಡದಲ್ಲಿ ಮಾವ ಬ್ರೇಕನ್ನು ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಂಡರು. ಡ್ರಮ್ ಬ್ರೇಕ್ ನೆನೆದರೆ ಹಿಡಿಯುವುದಿಲ್ಲ.

ಈ ಮಳೆಗಾಲದಲ್ಲಿ ಅಪ್ಪಯ್ಯನ ಒಂದು ಡಯಾಲಿಸಿಸ್ಸೂ ತಪ್ಪಲಿಲ್ಲ. ಆಚೆಮನೆಯ ಬಾಣಂತಿ ಮಗುವನ್ನು ಎತ್ತಿಕೊಂಡು ಬಂದದ್ದೂ ಇದೇ ಜೀಪಿನಲ್ಲಿ.

ನೀವು ಗಾಡಿ ನೋಡಲು ಹೊರಟಿದ್ದರೆ ಚೀಲದಲ್ಲಿ ಇಷ್ಟು ಹಾಕಿಕೊಳ್ಳಿ: ಟಾರ್ಚ್, ಚಿಕ್ಕ ಸುತ್ತಿಗೆ, ಸ್ಕ್ರೂಡ್ರೈವರ್, ತೆಳು ಕಾಗದ, ಪೆನ್ಸಿಲ್, ಕೆಳಗೆ ಹಾಸಲು ಒಂದು ಗೋಣಿಚೀಲ. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಅಡ್ವಾನ್ಸ್ ದುಡ್ಡನ್ನು ಮನೆಯಲ್ಲೇ ಬಿಟ್ಟು ಹೋಗಿ, ಜೇಬಿನಲ್ಲಿದ್ದರೆ ಕೊಟ್ಟುಬಿಡೋಣ ಅನ್ನಿಸುತ್ತದೆ. ಮಳೆ ಶುರುವಾಗುವ ಮುಂಚೆ, ಏಪ್ರಿಲ್ ಒಳಗೇ ಹುಡುಕಿ. ಜೂನ್‌ನಲ್ಲಿ ಅವಸರ ನಿಮ್ಮದು, ರೇಟು ಅವರದು.